ಜೊಂಡು ಉಳಿಸಿದ ಜಗಳ

ಮೊನ್ನೆ ಒಬ್ಬ ಹುಡುಗಿ ಮನೆಗೆ ಬಂದಿದ್ದಳು. ನಾನು ಬಿಟ್ಟು ಬಂದ ಕೆಲಸಕ್ಕೇ ಹೊಸದಾಗಿ ಸೇರಿದ್ದಾಳೆ. "ಮೇಡಂ, ಕಾನೂನಿನ ಬಲ ಇಲ್ದೆ ಅಷ್ಟೊಂದು ಜನರನ್ನ ಹೇಗೆ ಒಪ್ಪಿಸ್ತಿದ್ರಿ?" ಎಂದು ಕೇಳಿದಳು. "ಬೋಂಡಾ ಕೊಟ್ಟು" ಎಂದೆ. ನಗುತ್ತಾಳೆ ಅಂದುಕೊಂಡರೆ ಅದನ್ನೂ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿಕೊಂಡಳು. ಅವಳು ಹೋದ ಮೇಲೆ ಪಾಪ ಅನ್ನಿಸಿತು. ಈ ಕೆಲಸಕ್ಕೆ ಬರುವ ಮಕ್ಕಳಿಗೆ ಯಾರೂ ನಿಜ ಹೇಳುವುದಿಲ್ಲ. ತರಬೇತಿಯಲ್ಲಿ ಬಾಣದ ಗುರುತು ಹಾಕಿದ ಚಿತ್ರಗಳನ್ನು ತೋರಿಸಿ ಕಳಿಸಿಬಿಡುತ್ತಾರೆ. ಅದಕ್ಕೇ ಇದನ್ನು ಬರೆಯಲು ಕೂತೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಅಡ್ಡಗಾಲು ಹಾಕಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ಅದನ್ನು ಕೇಳಿ ಕೇಳಿ ನನ್ನ ಗಂಡನ ಕಿವಿ ತೂತಾಗಿದೆ, ಓದುವವರ ಕಣ್ಣನ್ನೂ ಯಾಕೆ ಹಾಳು ಮಾಡಲಿ.

ನನ್ನ ಹೆಸರು ಕಸ್ತೂರಿ. ಹುಟ್ಟಿದ್ದು ಹಾವೇರಿ ಕಡೆ. ಗಂಡನಿಗೆ ಇಲ್ಲಿ ಕಾರ್ಖಾನೆಯಲ್ಲಿ ಕೆಲಸವಾಗಿ ಸಿ.ವಿ. ರಾಮನ್ ನಗರಕ್ಕೆ ಬಂದು ನೆಲೆಸಿದೆವು. ಭೂಗೋಳ ಓದಿದ್ದೆ, ನಕ್ಷೆ ಬರೆಯುವುದು ಕೈಗೆ ಹತ್ತಿತ್ತು. ತೊಂಬತ್ತರ ದಶಕದ ನಡುವಿನಲ್ಲಿ ಹಲಸೂರಿನ ಒಂದು ಸಣ್ಣ ಸಂಸ್ಥೆ ನನ್ನನ್ನು ತೆಗೆದುಕೊಂಡಿತು. ಊರಿನ ಪೂರ್ವ ಭಾಗ ಆಗ ಬೆಳಗಾದರೆ ಬೆಳೆಯುತ್ತಿತ್ತು. ಕಾರ್ಖಾನೆಯೋ, ಬಡಾವಣೆಯೋ, ಶಾಲೆಯೋ, ಯಾರು ಎಲ್ಲಿ ಕಟ್ಟಿದರೂ ಒಂದು ಪೊದೆ, ಒಂದು ಕುಂಟೆ, ಒಂದು ಹಳೆಯ ಮರ ಹೋಗುತ್ತಿತ್ತು. ಅದರ ಜೊತೆ ಅಲ್ಲಿದ್ದ ಹಕ್ಕಿ, ಮುಂಗುಸಿ, ಬಾವಲಿಗಳೂ ದಿಕ್ಕಾಪಾಲಾಗುತ್ತಿದ್ದವು. ಕಟ್ಟುವವರನ್ನೆಲ್ಲ ಒಂದೆಡೆ ಕೂರಿಸಿ, ಇಲ್ಲಿ ಕೆಡಿಸಿದ್ದಕ್ಕೆ ಬದಲಾಗಿ ಅಲ್ಲೊಂದು ಜಾಗವನ್ನು ಪ್ರಾಣಿಪಕ್ಷಿಗಳಿಗೆ ಬಿಡಿ ಎಂದು ಒಪ್ಪಿಸಿ, ಇಡೀ ವಲಯಕ್ಕೆ ಒಂದೇ ಯೋಜನೆ ಮಾಡುವುದು ನಮ್ಮ ಕೆಲಸ. ಹಾಗೆ ಬಿಟ್ಟುಕೊಟ್ಟ ಜಾಗಕ್ಕೆ ಪರಿಹಾರ ನೆಲೆ ಎನ್ನುತ್ತಿದ್ದೆವು. ಎಲ್ಲವೂ ಸ್ವಯಂಪ್ರೇರಿತ. ಅಂದರೆ ಕರೆದವರು ಬಂದರೆ ಬಂದರು, ಬಾರದಿದ್ದರೆ ತರಿಸಿದ ಬೋಂಡಾವನ್ನು ನಾವೇ ತಿಂದು ಮನೆಗೆ ಹೋಗಬೇಕು.

ಕಚೇರಿ ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಸಂಸ್ಥೆಯ ಹೆಸರು ಕಟ್ಟಡಕ್ಕಿಂತ ಉದ್ದವಾಗಿದ್ದರಿಂದ ಬೋರ್ಡಿನ ಕೊನೆಯ ಪದ ಪಕ್ಕದ ಕಟ್ಟಡದ ಕಿಟಕಿಯನ್ನು ಮುಚ್ಚಿತ್ತು. ಆ ಬೋರ್ಡಿನಲ್ಲಿ ಜನ ಓದುತ್ತಿದ್ದುದು 'ವನ್ಯಜೀವಿ' ಎಂಬ ಒಂದೇ ಪದ. ಮನೆಗೆ ಹಾವು ಬಂದರೆ ನಮಗೆ ಫೋನ್. ಕೋತಿ ಇಡ್ಲಿ ಪಾತ್ರೆ ಹೊತ್ತುಕೊಂಡು ಹೋದರೆ ನಮಗೆ ಫೋನ್. ಶಿವಾಜಿನಗರದ ಒಬ್ಬ ಅಜ್ಜಿ ಗಿಣಿಯ ಪಂಜರ ಸಮೇತ ಮೆಟ್ಟಿಲು ಹತ್ತಿ ಬಂದು, "ಇದು ಬರೀ ತಮಿಳ್ ಮಾತಾಡುತ್ತಮ್ಮಾ, ನಮ್ಮ ಸೊಸೆಗೆ ಅರ್ಥ ಆಗಲ್ಲ, ಏನಾದ್ರೂ ಮಾಡಿ" ಎಂದರು. ನಮ್ಮದು ಯೋಜನೆ ಮಾಡುವ ಕಚೇರಿ ಎಂದು ವಿವರಿಸಿದೆ. "ಸರಿ, ಹಾಗಾದ್ರೆ ಒಂದು ಯೋಜನೆ ಮಾಡಿ" ಎಂದು ಕೂತುಬಿಟ್ಟರು. ಅವರನ್ನು ಕಳಿಸಲು ಒಂದು ಮಧ್ಯಾಹ್ನ ಬೇಕಾಯಿತು.

ನಮ್ಮ ಮೇಲಧಿಕಾರಿ ರಾಜಮಾಣಿಕ್ಯಂ ಸಾರ್, ಹಲಸೂರಿನಲ್ಲೇ ಹುಟ್ಟಿ ಬೆಳೆದವರು. ಒಳ್ಳೆಯ ಮನುಷ್ಯ, ಆದರೆ ಉಳಿತಾಯದ ಹುಚ್ಚು. ಬಣ್ಣದ ಪೆನ್ಸಿಲ್‌ಗಳು ಅವರ ಬೀರುವಿನಲ್ಲಿರುತ್ತಿದ್ದವು, ಬೀಗದ ಕೈ ಅವರ ಜನಿವಾರದಲ್ಲಿ. ಒಮ್ಮೆ ಕೆ.ಆರ್. ಪುರಂ ಕಡೆಯ ನಕ್ಷೆ ಮಾಡುವಾಗ ಹಸಿರು ಪೆನ್ಸಿಲ್ ಮುಗಿಯಿತು. "ಹುಲ್ಲಿಗೆ ನೀಲಿ ಹಾಕಮ್ಮಾ ಕಸ್ತೂರಿ, ಎಲ್ಲಾ ನೇಚರೇ ಅಲ್ವಾ" ಎಂದರು. ಹಾಕಿದೆ. ಆ ನಕ್ಷೆ ನೋಡಿದ ಒಂದು ಶಾಲೆಯವರು ತಮ್ಮ ಹಿತ್ತಲಿನ ಹುಲ್ಲುಗಾವಲು ಕೆರೆ ಎಂದು ತಿಳಿದು ಮಕ್ಕಳನ್ನು ಅಲ್ಲಿಗೆ ಬಿಡುವುದನ್ನೇ ನಿಲ್ಲಿಸಿದರು. ಆಟಕ್ಕೆ ಮಕ್ಕಳು ಬಾರದ ಆ ಹುಲ್ಲಿನಲ್ಲಿ ಆ ವರ್ಷ ಗೌಜಲಹಕ್ಕಿಗಳು ಮರಿ ಮಾಡಿದವು. ಸಾರ್ ಅದನ್ನು ನಮ್ಮ ಸಾಧನೆ ಎಂದು ವರದಿಯಲ್ಲಿ ಬರೆದರು, ನಾನೇ ಅದನ್ನು ಟೈಪ್ ಮಾಡಿದೆ.

ಹದ್ದಿನ ಕಂಬದ ಕಥೆಯನ್ನೂ ಹೇಳಬೇಕು. ಶಿವಾಜಿನಗರದ ಮಾರುಕಟ್ಟೆಯ ಆಚೆ ಒಬ್ಬ ಕಂಟ್ರಾಕ್ಟರು ಮಳಿಗೆ ಕಟ್ಟಲು ದೊಡ್ಡ ಮಳೆಮರ ಕಡಿಸಿದ. ಅದರಲ್ಲಿ ಹದ್ದಿನ ಗೂಡುಗಳಿದ್ದವು. ಹೋಗಿ ಮಾತಾಡಿದಾಗ ಆತ ಎದೆಯ ಮೇಲೆ ಕೈಯಿಟ್ಟುಕೊಂಡು, "ಮೇಡಂ, ಮರ ಹೋಯ್ತು, ಕ್ಯಾ ಕರ್ನಾ? ಕಂಬ ಕೊಡ್ತೀನಿ. ಕಬ್ಬಿಣದ್ದು. ಮರಕ್ಕಿಂತ ಗಟ್ಟಿ, ಗ್ಯಾರಂಟಿ" ಎಂದ. ಮಾತಿಗೆ ತಪ್ಪಲಿಲ್ಲ. ಎತ್ತರದ ಕಂಬ ನಿಲ್ಲಿಸಿ, ತುದಿಗೆ ತಟ್ಟೆ ಬೆಸೆದು, ತಟ್ಟೆಯಲ್ಲಿ ಗೂಡಿನ ಆಕಾರಕ್ಕೆ ಸರಳು ಬಗ್ಗಿಸಿ, ಹಸಿರು ಬಣ್ಣ ಬಳಿಸಿದ. ಹದ್ದುಗಳು ಅದರ ಸುತ್ತ ಒಂದು ಸುತ್ತು ಹಾಕಿ, ಆತನ ಹೊಸ ಮಳಿಗೆಯ ನೆತ್ತಿಯ ಮೇಲಿದ್ದ ಹೆಸರಿನ ಅಕ್ಷರಗಳ ನಡುವೆ ಗೂಡು ಕಟ್ಟಿದವು. ಆತ ನನಗೆ ಫೋನ್ ಮಾಡಿದ. "ಮೇಡಂ, ಅವಕ್ಕೆ ಕಂಬ ಕೊಟ್ಟಿದೀನಲ್ಲ, ಅಲ್ಲಿಗೆ ಹೋಗಕ್ಕೆ ಹೇಳಿ!"

ಕಂಬಕ್ಕೆ ಆಟೋ ಸ್ಟ್ಯಾಂಡಿನವರು ರಾಜ್ಯೋತ್ಸವದ ದಿನ ಬಾವುಟ ಏರಿಸಿದರು. ಮರುವರ್ಷ ಬುಡಕ್ಕೆ ಕಟ್ಟೆ ಕಟ್ಟಿಸಿದರು. ಪರಿಶೀಲನೆಗೆ ಹೋದ ರಾಜಮಾಣಿಕ್ಯಂ ಸಾರ್‌ಗೆ ಅಲ್ಲೇ ಹಾರ ಹಾಕಿ ಭಾಷಣ ಮಾಡಿಸಿದರು. ವರದಿಯಲ್ಲಿ ಅವರು ಬರೆದದ್ದು ಒಂದೇ ಸಾಲು: ಪರಿಹಾರ ಕಂಬವು ಪೂರ್ಣ ಬಳಕೆಯಲ್ಲಿದೆ. ಸುಳ್ಳು ಎನ್ನುವ ಹಾಗಿರಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಬಣ್ಣಕ್ಕೆ ಬರವಿಲ್ಲದ ಕಾಲ. ಆದರೆ ನಕ್ಷೆ ಚೆಂದವಾದಷ್ಟೂ ಜನ ಅದನ್ನು ನಂಬತೊಡಗಿದರು, ಜಾಗ ನೋಡಲು ಹೋಗುವುದು ಕಡಿಮೆಯಾಯಿತು. ಹೊಸಬರಿಗೆ ನನ್ನ ಮೊದಲ ಮಾತು ಇದು: ಕಾಲಿಗೆ ಕೆಸರು ಹತ್ತದೆ ನಕ್ಷೆಗೆ ಹಸಿರು ಹಚ್ಚಬೇಡಿ.

ಇನ್ನು ಮುನಿಯಪ್ಪನ ಕುಂಟೆ. ಇಡೀ ವೃತ್ತಿಯಲ್ಲಿ ನನ್ನದು ಎಂದು ಎದೆಗೆ ಅಪ್ಪಿಕೊಂಡ ಜಾಗ ಅದೊಂದೇ. ಸಿ.ವಿ. ರಾಮನ್ ನಗರ ದಾಟಿ ದೊಡ್ಡನೆಕ್ಕುಂದಿ ಕಡೆಗೆ ಹೋಗುವಾಗ ಸಿಗುತ್ತಿದ್ದ ಸಣ್ಣ ಕುಂಟೆ. ನೀರಿಗಿಂತ ಜೊಂಡೇ ಹೆಚ್ಚು, ಆಳೆತ್ತರದ ಜೊಂಡು. ಅದರೊಳಗೆ ನೇರಳೆ ಜಂಬುಕೋಳಿಗಳು ಗೂಡು ಕಟ್ಟುತ್ತಿದ್ದವು. ಮೈಯೆಲ್ಲ ನೀಲಿ ನೇರಳೆ, ಹಣೆ ಕೊಕ್ಕು ಕೆಂಪು, ಉದ್ದ ಬೆರಳಿನ ಕಾಲು. ಮದುವೆ ಮನೆಗೆ ಅವಸರದಲ್ಲಿ ಹೊರಟ ದೊಡ್ಡಮ್ಮನ ಹಾಗೆ ಬಾಲ ಕುಣಿಸುತ್ತ ನಡೆಯುತ್ತವೆ. ಜೊಂಡಿಲ್ಲದೆ ಅವು ಬದುಕುವುದಿಲ್ಲ. ಸುತ್ತಲಿನ ಕುಂಟೆಗಳೆಲ್ಲ ಆಗಲೇ ಸೈಟುಗಳಾಗಿದ್ದವು. ಇದೂ ಹೋದರೆ ಅವಕ್ಕೆ ಹೋಗಲು ಜಾಗವಿರಲಿಲ್ಲ. ಒಂದು ಮೂಲೆಯಲ್ಲಿ ಯಾರೋ ಲಾರಿಯಲ್ಲಿ ಹಳೆ ಕಟ್ಟಡದ ಮಣ್ಣು ತಂದು ಸುರಿಯುವುದನ್ನೂ ಶುರು ಮಾಡಿದ್ದರು.

ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯವರು ಗೋದಾಮಿಗಾಗಿ ತಮ್ಮ ಅಂಗಳದ ಜೌಗು ನೆಲ ಮುಚ್ಚಿದ್ದರು. ಬದಲಿಗೆ ಈ ಕುಂಟೆಗೆ ಬೇಲಿ ಹಾಕಿಸಿ ಕಾವಲುಗಾರನನ್ನು ಇಡಲು ಒಪ್ಪಿದರು. ಆದರೆ ಕುಂಟೆಯ ಎರಡು ದಡದಲ್ಲಿ ಎರಡು ಬಡಾವಣೆ. ಉತ್ತರಕ್ಕೆ ಕಾರ್ಖಾನೆ ನೌಕರರದು, ಅಧ್ಯಕ್ಷರು ನಂಜುಂಡಪ್ಪನವರು, ಗುಂಡ್ಲುಪೇಟೆ ಕಡೆಯವರು. ದಕ್ಷಿಣಕ್ಕೆ ವಿಮಾ ನೌಕರರದು, ಅಧ್ಯಕ್ಷರು ಬಾಗಲಕೋಟೆಯ ಪಾಟೀಲರು. ನಮ್ಮ ಯೋಜನೆಯ ನಿಯಮದ ಪ್ರಕಾರ ಕುಂಟೆಯಲ್ಲಿ ಏನೇ ಮಾಡಬೇಕಾದರೂ ಎರಡೂ ಕಡೆಯ ಸಹಿ ಬೇಕು. ಸಹಿ ಹಾಕಲು ಇಬ್ಬರಿಗೂ ತಕರಾರಿರಲಿಲ್ಲ. ಯಾರು ಮೊದಲು ಎಂಬುದೇ ತಕರಾರು.

"ಹಕ್ಕಿ ಬಗ್ಗೆ ನಮ್ದೇನೂ ಆಕ್ಷೇಪ ಇಲ್ಲ ಮೇಡಂ" ಎಂದರು ನಂಜುಂಡಪ್ಪ. "ಆದ್ರೆ ಅವ್ರು ಮೊದ್ಲು ಸೈನ್ ಮಾಡಿದ್ರೆ ಕುಂಟೆ ಅವ್ರದ್ದು ಅಂತ ಆಗ್ಬಿಡುತ್ತೆ."

ಪಾಟೀಲರು ಇನ್ನೊಂದು ತುದಿಯಿಂದ ಅದನ್ನೇ ಹೇಳಿದರು. "ನೋಡ್ರಿ ಬಾಯಾರ, ನೀವೂ ನಮ್ಮ ಕಡೆಯವರು. ಅವ್ರು ಮೊದಲ ಸಹಿ ಮಾಡಿದ್ರ ನಮ್ಮ ಮಂದಿ ನನ್ನ ಮಾರಿ ನೋಡತಾರೇನ್ರಿ?"

ಎರಡು ವರ್ಷ ಬೋಂಡಾ ತಿನ್ನಿಸಿದೆವು. ಕೊನೆಗೆ ಒಂದು ಉಪಾಯ ಹೂಡಿದೆವು. ನಾನು ನಂಜುಂಡಪ್ಪನವರ ಮನೆಯಲ್ಲಿ, ರಾಜಮಾಣಿಕ್ಯಂ ಸಾರ್ ಪಾಟೀಲರ ಮನೆಯಲ್ಲಿ, ಇಬ್ಬರ ಕೈಯಲ್ಲೂ ಟೆಲಿಫೋನು. ಸಾರ್ ಆ ಕಡೆಯಿಂದ "ರೆಡಿಯಾಮ್ಮಾ? ಒನ್, ಟೂ, ತ್ರೀ" ಎಂದರು. ಎರಡು ದಡದಲ್ಲೂ ಒಂದೇ ಸಲ ಸಹಿ ಬಿತ್ತು. ನಂಜುಂಡಪ್ಪನವರ ಹೆಂಡತಿ ಕೇಸರಿಬಾತ್ ಹಂಚಿದರು. ಆ ದಿನ ನಾನು ಬಸ್ಸಿನಲ್ಲಿ ಕೂತು ಒಬ್ಬಳೇ ನಗುತ್ತ ಮನೆಗೆ ಹೋದೆ. ಜಂಬುಕೋಳಿಗಳು ಬದುಕಿದವು ಎಂದೇ ನಂಬಿದ್ದೆ.

ಉದ್ಘಾಟನೆಗೆ ಒಬ್ಬ ದೊಡ್ಡ ಅಧಿಕಾರಿ ಬರುವುದೆಂದಾಯಿತು. ಜೊಂಡು ಸಂರಕ್ಷಣಾ ನೆಲೆ ಎಂಬ ಫಲಕ ಬರೆಸಿದೆವು. ಭಾನುವಾರ ಬೆಳಿಗ್ಗೆ ಕಾರ್ಯಕ್ರಮ. ನಾನು ಶನಿವಾರವೆಲ್ಲ ಕಚೇರಿಯಲ್ಲಿ ನಕ್ಷೆಗಳಿಗೆ ರಟ್ಟು ಅಂಟಿಸುತ್ತ ಕೂತಿದ್ದೆ. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಊರಿನಲ್ಲಿ ದೊಡ್ಡವರು ಬರುತ್ತಾರೆಂದರೆ ಅವರು ನಡೆಯುವ ದಾರಿಯನ್ನು ಗುಡಿಸಿ, ಕಲ್ಲಿಗೆಲ್ಲ ಸುಣ್ಣ ಕೆಮ್ಮಣ್ಣು ಬಳಿದು, ಅಕ್ಕಪಕ್ಕ ಬ್ಲೀಚಿಂಗ್ ಪೌಡರ್‌ನಿಂದ ಗೆರೆ ಎಳೆಯುವುದು ಪದ್ಧತಿ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಮಕ್ಕಳಿಗೂ ಗೊತ್ತು.

ಭಾನುವಾರ ಬೆಳಿಗ್ಗೆ ಆಟೋದಿಂದ ಇಳಿದೆ. ಕುಂಟೆ ಕಾಣಿಸಿತು. ಅದೇ ನನ್ನನ್ನು ಹೆದರಿಸಿದ್ದು. ಅಷ್ಟು ವರ್ಷ ಆ ಜಾಗದಲ್ಲಿ ನಿಂತಾಗ ಕುಂಟೆ ಕಂಡದ್ದೇ ಇರಲಿಲ್ಲ, ಜೊಂಡು ಕಾಣುತ್ತಿತ್ತು. ಈಗ ಈ ದಡದಿಂದ ಆ ದಡದವರೆಗೆ ಬೋಳು ಕೆಸರು. ಸುತ್ತ ಸಾಲಾಗಿ ಬಿಳಿ ಕೆಂಪು ಕಲ್ಲುಗಳು. ಬ್ಲೀಚಿಂಗ್ ಪೌಡರ್ ಗಮ್ಮೆನ್ನುತ್ತಿತ್ತು. ನಡುವೆ ನಮ್ಮ ಫಲಕ: ಜೊಂಡು ಸಂರಕ್ಷಣಾ ನೆಲೆ.

ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ನಂಜುಂಡಪ್ಪನವರೂ ಪಾಟೀಲರೂ ಜೊತೆಜೊತೆಯಾಗಿ ನನ್ನ ಕಡೆ ಓಡಿ ಬಂದರು. ಅವರಿಬ್ಬರೂ ಒಟ್ಟಿಗೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಸರ್ಪ್ರೈಸ್ ಮೇಡಂ!" ಎಂದರು ನಂಜುಂಡಪ್ಪ. "ನಿನ್ನೆ ಬೆಳಿಗ್ಗೆಯಿಂದ ಶ್ರಮದಾನ. ಎರಡೂ ಲೇಔಟಿನ ಹೆಂಗಸರು ಮಕ್ಕಳು ಎಲ್ಲಾ ಇಳಿದ್ಬಿಟ್ರು."

"ಒಂದ ಕಡ್ಡಿ ಬಿಟ್ಟಿಲ್ಲ ನೋಡ್ರಿ" ಎಂದರು ಪಾಟೀಲರು, ಮುಖವೆಲ್ಲ ಹೆಮ್ಮೆ.

ಕಿತ್ತ ಜೊಂಡನ್ನು ಒಂದು ಕಡೆ ರಾಶಿ ಹಾಕಿದ್ದರು. ಹತ್ತಿರ ಹೋಗಿ ನೋಡಿದೆ. ರಾಶಿಯ ಬದಿಯಲ್ಲಿ ಒಂದು ಗೂಡು ಬುಡಮೇಲಾಗಿ ಬಿದ್ದಿತ್ತು, ಕೆಳಗೆ ಒಡೆದ ಮೊಟ್ಟೆಗಳು. ನನಗೆ ಅಳು ತಡೆಯಲಾಗಲಿಲ್ಲ. ಹಿಂದೆಯೇ ಬಂದಿದ್ದ ನಂಜುಂಡಪ್ಪನವರು ಅದನ್ನು ಆನಂದಬಾಷ್ಪ ಎಂದು ತಿಳಿದು, "ಅಯ್ಯೋ ಬಿಡಿ ಮೇಡಂ, ನಿಮಗೋಸ್ಕರ ಇಷ್ಟೂ ಮಾಡದಿದ್ರೆ ಹೇಗೆ" ಎಂದು ಕರವಸ್ತ್ರ ಕೊಟ್ಟರು. ಅಷ್ಟು ಪ್ರೀತಿಯಿಂದ ಮಾಡಿದವರನ್ನು ಬೈಯುವುದು ಹೇಗೆ? ಕರವಸ್ತ್ರದಲ್ಲಿ ಮುಖ ಒರೆಸಿಕೊಂಡೆ.

ಇನ್ನೊಂದು ಅನಾಹುತ ಬಾಕಿಯಿತ್ತು. ಜೊಂಡು ಕೀಳುವಾಗ ಮೇಲೆ ಬಂದ ಮೀನು, ಕಪ್ಪೆ, ಹುಳುಗಳನ್ನು ತಿನ್ನಲು ಸುತ್ತಲಿನ ಬೆಳ್ಳಕ್ಕಿಗಳೆಲ್ಲ ಬಂದು ಇಳಿದಿದ್ದವು. ಅದು ತಿಥಿಯೂಟಕ್ಕೆ ಸೇರಿದ ಜನ. ಕಾರಿನಿಂದ ಇಳಿದ ಅಧಿಕಾರಿಗಳಿಗೆ ಕಂಡದ್ದು ಕುಂಟೆ ತುಂಬ ಬಿಳಿ ಹಕ್ಕಿಗಳು. "ಎಕ್ಸಲೆಂಟ್!" ಎಂದರು. "ಮೊದ್ಲು ಹುಲ್ಲೊಳಗೆ ಏನಿದೆ ಅಂತಾನೇ ಕಾಣ್ತಿರಲಿಲ್ಲ. ಈಗ ನೋಡಿ, ಏನ್ ಬರ್ಡ್ಸ್! ಇದೇ ಮಾಡೆಲ್. ಎಲ್ಲಾ ಕಡೆ ಹೀಗೇ ಕ್ಲೀನ್ ಮಾಡ್ಸಿ. ಇಲ್ಲಿ ವಾಕಿಂಗ್ ಪಾತ್ ಮಾಡೋಣ, ಮಧ್ಯ ಒಂದು ಕಾರಂಜಿ, ಒಂದು ಒಳ್ಳೆ ಗೇಟು."

ನಾನು ಬಾಯಿ ತೆರೆದೆ. "ಸಾರ್, ಇವು ಜೊಂಡಿನ ಹಕ್ಕಿಗಳಲ್ಲ, ಜಂಬುಕೋಳಿ..."

"ಸುಮ್ನೆ ಇರಮ್ಮಾ" ಎಂದು ರಾಜಮಾಣಿಕ್ಯಂ ಸಾರ್ ನನ್ನ ಸೆರಗನ್ನೇ ಹಿಡಿದೆಳೆದರು. "ದೊಡ್ಡವರು ಸಂತೋಷವಾಗಿದಾರೆ. ಸಂತೋಷ ಕಾಪಾಡು, ಹಕ್ಕಿ ಆಮೇಲೆ ಕಾಪಾಡು."

ಆಮೇಲೆ ಸನ್ಮಾನ. ಇಬ್ಬರು ಅಧ್ಯಕ್ಷರಿಗೂ ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಸಾರ್ ಎಂದಿನಂತೆ ಉಳಿತಾಯ ಮಾಡಿ ಒಂದೇ ಪೇಟ ತರಿಸಿದ್ದರು. ಮೊದಲು ಒಬ್ಬರಿಗೆ ತೊಡಿಸಿ ಫೋಟೊ ತೆಗೆದು, ಮೆಲ್ಲಗೆ ತೆಗೆದು ಇನ್ನೊಬ್ಬರಿಗೆ ತೊಡಿಸುವುದು ಎಂದು ಅವರ ಲೆಕ್ಕಾಚಾರ. ಅಧಿಕಾರಿಗಳು ಪೇಟವನ್ನು ಪಾಟೀಲರ ತಲೆಗೆ ಇಟ್ಟರು. ಫೋಟೊ ಆಯಿತು. ಸಾರ್ ಕೈ ಚಾಚಿದರು. ಪಾಟೀಲರು ಒಂದು ಹೆಜ್ಜೆ ಹಿಂದೆ ಸರಿದು, "ತಲಿ ಮ್ಯಾಲೆ ಇಟ್ಟದ್ದನ್ನ ತಗೀತಾರೇನ್ರಿ? ಅಪಶಕುನ" ಎಂದು ಪೇಟದ ಸಮೇತ ಕುರ್ಚಿಯಲ್ಲಿ ಕೂತರು. ಬರೀ ಶಾಲು ಹೊದ್ದು ನಿಂತ ನಂಜುಂಡಪ್ಪನವರ ಬೋಳುತಲೆ ಬಿಸಿಲಿಗೆ ಹೊಳೆಯುತ್ತಿತ್ತು. ಪಾಟೀಲರು ಪೇಟ ತೊಟ್ಟೇ ಉಪ್ಪಿಟ್ಟು ತಿಂದರು, ಪೇಟ ತೊಟ್ಟೇ ಮನೆಗೆ ನಡೆದರು.

ಮರುವಾರ ಗೇಟಿನ ಮಾತು ಬಂದಾಗ ನಂಜುಂಡಪ್ಪನವರು ಮೇಜು ಗುದ್ದಿದರು. "ಗೇಟು ನಮ್ಮ ಕಡೆಗೇ ಆಗ್ಬೇಕು. ಪೇಟ ಅವ್ರು ತಗೊಂಡಿಲ್ವಾ?" ಪಾಟೀಲರು ಅಷ್ಟೇ ಜೋರಾಗಿ, "ಪೇಟ ಬ್ಯಾರೆ, ಗೇಟ ಬ್ಯಾರೆ" ಎಂದರು. ಮಂಜೂರಾಗಿದ್ದುದು ಒಂದೇ ಗೇಟು. ಎರಡೂ ಸಹಿ ಇಲ್ಲದೆ ಗುದ್ದಲಿ ಇಡುವಂತಿಲ್ಲ. ಗೇಟಿನ ಕೆಲಸ ಹಿಡಿದ ಕಂಟ್ರಾಕ್ಟರು ಎರಡು ಸಲ ಬಂದು ನೋಡಿ, "ನೀವು ಡಿಸೈಡ್ ಮಾಡಿ ಸಾರ್, ಆಮೇಲೆ ಕರೀರಿ" ಎಂದು ಹೊರಟುಹೋದ. ಕಾವಲುಗಾರ ಇದ್ದುದರಿಂದ ಮಣ್ಣು ಸುರಿಯುವ ಲಾರಿಗಳು ನಿಂತವು. ಜಗಳ ಇದ್ದುದರಿಂದ ಉಳಿದೆಲ್ಲ ನಿಂತಿತು.

ಜೊಂಡಿನ ಬೇರು ಕೆಸರಿನೊಳಗೆ ಇತ್ತಲ್ಲ. ಮೊದಲ ಮಳೆಗೆ ಚಿಗುರಿತು. ಮರುವರ್ಷ ಸೊಂಟದೆತ್ತರ. ಅದರ ಮುಂದಿನ ವರ್ಷ ಒಂದು ದಿನ ದಡದಲ್ಲಿ ನಿಂತಿದ್ದಾಗ ಒಳಗಿನಿಂದ ಕರ್ಕಶವಾಗಿ ಒಂದು ಕೂಗು ಬಂತು. ಜಂಬುಕೋಳಿಯ ದನಿ ಇಂಪಾದದ್ದೇನಲ್ಲ, ತುಕ್ಕು ಹಿಡಿದ ಬಾಗಿಲು ತೆರೆದ ಹಾಗಿರುತ್ತದೆ. ಅಂದು ನನ್ನ ಮೈ ಜುಮ್ಮೆಂದಿತು.

ಇಲ್ಲಿಂದ ನನ್ನ ಪರಿಸ್ಥಿತಿ ವಿಚಿತ್ರವಾಯಿತು. ಇಬ್ಬರನ್ನೂ ರಾಜಿ ಮಾಡಿಸುವುದು ನನ್ನ ಕೆಲಸ, ಸಂಬಳ ಬರುತ್ತಿದ್ದುದೂ ಅದಕ್ಕೇ. ರಾಜಿಯಾದರೆ ಜೆಸಿಬಿ ಬರುತ್ತದೆ, ಜೊಂಡು ಹೋಗುತ್ತದೆ. ತಿಂಗಳಿಗೊಂದು ಸಭೆ ಕರೆಯುತ್ತಿದ್ದೆ. ಪ್ರತಿ ಸಲವೂ ಜೊಂಡು, ಗೂಡು, ಮೊಟ್ಟೆ ಎಂದು ವಿವರಿಸುತ್ತಿದ್ದೆ. ಇಬ್ಬರೂ ತಲೆಯಾಡಿಸಿ ಕೇಳಿ, "ಸರಿ ಮೇಡಂ, ಹಕ್ಕಿಗೂ ಒಂದು ಮೂಲೆ ಬಿಡೋಣ, ಈಗ ಗೇಟು?" ಎನ್ನುತ್ತಿದ್ದರು. ಕ್ರಮೇಣ ನಾನೂ ಕಲಿತೆ. ಇಬ್ಬರ ದನಿ ಸ್ವಲ್ಪ ಮೆತ್ತಗಾಯಿತು, ಇನ್ನೇನು ಒಬ್ಬರು ಬಗ್ಗುತ್ತಾರೆ ಅನ್ನಿಸಿದ ತಕ್ಷಣ "ಕಾಫಿ ಬಂತು, ಬಿಸಿ ಇರುವಾಗಲೇ ಕುಡೀರಿ" ಎಂದು ಎದ್ದುಬಿಡುತ್ತಿದ್ದೆ. ಕಾಫಿ ಮುಗಿಯುವಷ್ಟರಲ್ಲಿ ಇಬ್ಬರಿಗೂ ಪೇಟ ನೆನಪಾಗಿರುತ್ತಿತ್ತು. ನಿವೃತ್ತರಾಗಿ ಹೋಗುವಾಗ ರಾಜಮಾಣಿಕ್ಯಂ ಸಾರ್, "ಕಸ್ತೂರಿ, ನೀನು ತುಂಬಾ ಪ್ರಯತ್ನ ಪಟ್ಟೆ, ಪಾಪ" ಎಂದು ಬೆನ್ನು ತಟ್ಟಿದರು.

ಸಭೆಯ ಹೊರಗೆ ಇಬ್ಬರೂ ನನ್ನೊಂದಿಗೆ ಮನಸ್ಸು ಬಿಚ್ಚುತ್ತಿದ್ದರು. "ಆ ಪಾಟೀಲ್ ತಲೆಯಲ್ಲಿ ಪೇಟ ಬಿಟ್ರೆ ಬೇರೇನೂ ಇಲ್ಲ ಮೇಡಂ" ಎಂದು ನಂಜುಂಡಪ್ಪನವರು. "ಆ ಮನಷ್ಯಾ ಮುದ್ದಿ ನುಂಗಿಧಂಗ ಕುಂಟಿ ನುಂಗಾಕ ಕುಂತಾನ, ಅವನ ಮನಿ ನೀರ ಸೈತ ಕುಡೀಬಾರದ್ರಿ" ಎಂದು ಪಾಟೀಲರು. ಎದುರಾಬದುರು ಮಾತು ನಿಂತೇಹೋಗಿತ್ತು. ಏನಿದ್ದರೂ ಕಾಗದದಲ್ಲಿ ಬರೆದು ಕಳಿಸುತ್ತಿದ್ದರು. ನಂಜುಂಡಪ್ಪನವರ ಆಕ್ಷೇಪಣೆ ಪತ್ರ ಹಿಡಿದು ಹೋಗುತ್ತಿದ್ದವಳು ಅವರ ಮಗಳು ರೇಖಾ, ಬ್ಯಾಂಕಿನಲ್ಲಿ ಕೆಲಸ. ಪಾಟೀಲರ ಮನೆಯಲ್ಲಿ ಬಾಗಿಲು ತೆರೆದು ಪತ್ರ ತೆಗೆದುಕೊಳ್ಳುತ್ತಿದ್ದವನು ಅವರ ಮಗ ಬಸವರಾಜ, ಕಾಲೇಜಿನಲ್ಲಿ ಮೇಷ್ಟ್ರು. ಪತ್ರವ್ಯವಹಾರ ವಾರಕ್ಕೊಂದು ಇದ್ದದ್ದು ಎರಡಾಯಿತು, ಮೂರಾಯಿತು. ಅಪ್ಪಂದಿರು ತಮ್ಮ ಹೋರಾಟ ತೀವ್ರವಾಗುತ್ತಿದೆ ಎಂದುಕೊಂಡಿದ್ದರು.

ಒಂದು ದಿನ ರೇಖಾ ಲಗ್ನಪತ್ರಿಕೆ ಹಿಡಿದು ಕಚೇರಿಗೆ ಬಂದಳು. ಮನೆಯಲ್ಲಿ ಮೂರು ತಿಂಗಳು ರಂಪವಾಗಿ, ಜಾತಕ ಕೂಡಿ, ಹೆಂಗಸರು ಪಟ್ಟು ಹಿಡಿದು, ಕಡೆಗೆ ಒಪ್ಪಿದ್ದರಂತೆ. "ಆಂಟೀ, ನೀವಿಲ್ದಿದ್ರೆ ನಾವು ಭೇಟಿನೇ ಆಗ್ತಿರಲಿಲ್ಲ" ಎಂದು ಕಾಲಿಗೆ ಬಿದ್ದಳು. ಹರಸಿದೆ. ಅವಳು ಮೆಟ್ಟಿಲಿಳಿದ ಮೇಲೆ ಕುಂಟೆಯ ಕಡತ ತೆಗೆದು ಕೂತೆ. ಬೀಗರಾದ ಮೇಲೆ ಇನ್ನೇನು ಜಗಳ? ಕುಂಟೆಯಲ್ಲಿ ಆಗಷ್ಟೇ ಹೊಸ ಗೂಡು ನೋಡಿ ಬಂದಿದ್ದೆ.

ಮದುವೆ ಕಮ್ಮನಹಳ್ಳಿಯ ಛತ್ರದಲ್ಲಿ. ಹೋಗುವಾಗ ನನ್ನ ಮನಸ್ಸಿನಲ್ಲಿದ್ದ ಪಾಪವನ್ನು ಬರೆದೇಬಿಡುತ್ತೇನೆ. ಮುದ್ದೆಯ ಮಾತನ್ನು ನಂಜುಂಡಪ್ಪನವರ ಕಿವಿಯಲ್ಲಿ, ತಲೆಯ ಮಾತನ್ನು ಪಾಟೀಲರ ಕಿವಿಯಲ್ಲಿ ಹಾಕಿದರೆ ಸಾಕಿತ್ತು. ಧಾರೆಗೆ ಮುಂಚೆ ಹಾಕಿದರೆ ಇನ್ನೂ ಒಳ್ಳೆಯದು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಂಟಪದ ಮೇಲೆ ಬಾಸಿಂಗ ಕಟ್ಟಿಕೊಂಡು ಕೂತ ರೇಖಾ ಜನರ ನಡುವೆ ನನ್ನನ್ನು ಹುಡುಕಿ ನಕ್ಕಳು. ಬಸವರಾಜ ಅವಳ ಸೆರಗು ಹೋಮಕುಂಡಕ್ಕೆ ತಾಗದ ಹಾಗೆ ಹಿಡಿದುಕೊಂಡಿದ್ದ. ಜಂಬುಕೋಳಿಗಾಗಿ ಇಂಥ ಜೋಡಿಯನ್ನು ಕೆಡಿಸಿದರೆ ನನಗೆ ಒಳ್ಳೆಯದಾಗುವುದಿಲ್ಲ ಅನ್ನಿಸಿತು. ಮಾತನ್ನು ನುಂಗಿದೆ. ಅಕ್ಷತೆ ಹಾಕಿದೆ. ಕುಂಟೆ ಹೋಯಿತು ಎಂದುಕೊಂಡೇ ಹಾಕಿದೆ.

ಊಟಕ್ಕೆ ಬೀಗರ ಪಂಕ್ತಿಯಲ್ಲೇ ನನ್ನನ್ನು ಕೂರಿಸಿದರು. ಪಾಟೀಲರು ಎಲೆಯ ಮುಂದೆ, ನಂಜುಂಡಪ್ಪನವರು ಸೊಂಟಕ್ಕೆ ಪಂಚೆ ಬಿಗಿದು ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತ ಎದುರಿಗೆ. ನಾನು ಹೆದರಿದ್ದ ಮಾತು ತುಪ್ಪದ ಜೊತೆಗೇ ಬಂತು.

"ಬೀಗ್ರೇ, ಆ ಗೇಟಿನ ವಿಷಯ ಮುಗಿಸ್ಬಿಡೋಣ" ಎಂದರು ನಂಜುಂಡಪ್ಪ. "ಮದುವೆ ಗದ್ದಲ ಕಳೀಲಿ, ಮುಂದಿನ ವಾರ ಸೈನ್ ಮಾಡಿ ಜೆಸಿಬಿ ಕರೆಸೋಣ. ನಮ್ಮದೇ ತಪ್ಪು. ಗೇಟು ನಿಮ್ಮ ಕಡೆಗೇ ಹಾಕ್ಸಿ."

ನಾನು ಹೋಳಿಗೆಯನ್ನು ಎಲೆಯ ಮೇಲೆ ಇಟ್ಟುಬಿಟ್ಟೆ.

ಪಾಟೀಲರು ಎಲೆಯ ಮೇಲೆ ಅಡ್ಡ ಕೈಯಿಟ್ಟು ತುಪ್ಪ ತಡೆದರು. "ಛೆ ಛೆ! ಹೆಣ್ಣ ಕೊಟ್ಟ ಮನಿ ನಿಮ್ಮದು. ನಿಮ್ಮಿಂದ ಮಗಳನ್ನೂ ತಗೊಂಡು ಗೇಟನ್ನೂ ತಗೊಂಡ್ರ ಮಂದಿ ಏನಂದಾರು? ಗೇಟ ನಿಮ್ಮ ಕಡೆನ ಆಗಬೇಕ್ರಿ."

"ಅದು ಸಾಧ್ಯವೇ ಇಲ್ಲ ಬೀಗ್ರೇ. ಗಂಡಿನ ಕಡೆಯವರು ನೀವು. ನಿಮ್ಮ ಕಡೆ ಬಿಟ್ಟು ನಮ್ಮ ಕಡೆ ಗೇಟು ಇಟ್ಕೊಂಡ್ರೆ ನಾನು ಮನುಷ್ಯನಾ?"

"ನಿಮ್ಮ ಕಡೆ ಆಗಲಿಲ್ಲಂದ್ರ ನಾ ಸಹಿ ಹಾಕಾಂವಲ್ಲ!"

"ನಿಮ್ಮ ಕಡೆ ಆಗ್ಲಿಲ್ಲ ಅಂದ್ರೆ ನಾನೂ ಹಾಕಲ್ಲ!"

ಇಬ್ಬರ ದನಿಯೂ ಏರಿತು. ಸುತ್ತಲಿನವರು ಊಟ ನಿಲ್ಲಿಸಿ ನೋಡಿದರು. ಪಾಟೀಲರು ಅಭಿಮಾನದಿಂದ ಕೆಂಪಗಾಗಿದ್ದರು, ನಂಜುಂಡಪ್ಪನವರು ತುಪ್ಪದ ಗಿಂಡಿಯನ್ನು ಎಲೆಯ ಪಕ್ಕ ಕುಕ್ಕಿದರು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಮೇಡಂ, ನೀವೇ ಹೇಳ್ಬಿಡಿ" ಎಂದರು ನಂಜುಂಡಪ್ಪ. "ಯಾರ ಕಡೆ ಹಾಕೋಣ? ನೀವು ಹೇಳಿದ್ದಕ್ಕೆ ಇಬ್ಬರೂ ಒಪ್ತೀವಿ."

"ಹೌದ್ರಿ ಬಾಯಾರ" ಎಂದರು ಪಾಟೀಲರು. "ನಿಮ್ಮ ಮಾತ ಕಡೀ ಮಾತು."

ಇಡೀ ವೃತ್ತಿಯಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಎರಡೂ ದಡದವರು, ಸ್ವಯಂಪ್ರೇರಣೆಯಿಂದ, ನಗುತ್ತ, ನಾನು ಹೇಳಿದ್ದಕ್ಕೆ ಸಹಿ ಹಾಕಲು ಸಿದ್ಧರಾಗಿ ಕಾಯುತ್ತಿದ್ದಾರೆ. ಹೊಸಬರಾಗಿದ್ದರೆ ಅಲ್ಲೇ ಜೊಂಡಿನ ಮಹತ್ವದ ಬಗ್ಗೆ ಭಾಷಣ ಮಾಡುತ್ತಿದ್ದರೇನೋ. ಮಾಡಿದ್ದರೆ ಇಬ್ಬರೂ ತಲೆಯಾಡಿಸಿ, ಹಕ್ಕಿಗೆ ಒಂದು ಮೂಲೆ ಬಿಟ್ಟು, ನನ್ನ ಗೌರವಾರ್ಥ ಕಾರಂಜಿಯನ್ನು ಇನ್ನಷ್ಟು ದೊಡ್ಡದು ಮಾಡಿಸುತ್ತಿದ್ದರು. ನೀರು ಕುಡಿದೆ, ಕೈ ಮುಗಿದೆ.

"ಇಬ್ಬರೂ ದೊಡ್ಡವರು" ಎಂದೆ. "ನಾನು ಒಬ್ಬರ ಕಡೆ ಹೇಳಿದ್ರೆ ಇನ್ನೊಬ್ಬರ ದೊಡ್ಡತನಕ್ಕೆ ಕಡಿಮೆ ಮಾಡಿದ ಹಾಗಾಗುತ್ತೆ. ಬೀಗರ ನಡುವೆ ನಾನ್ಯಾರು? ನಿಧಾನವಾಗಿ ನೀವೇ ಮಾತಾಡಿಕೊಳ್ಳಿ. ಒಬ್ಬರು ಒಪ್ಪಿಕೊಂಡ ದಿನ ನನಗೆ ಒಂದು ಫೋನ್ ಮಾಡಿ."

ನಾನು ನಿವೃತ್ತಳಾಗಿ ಬಹಳ ಕಾಲವಾಯಿತು. ಇಬ್ಬರೂ ಇದ್ದಾರೆ, ಮೊಮ್ಮಗಳನ್ನು ಒಂದೊಂದು ಕೈ ಹಿಡಿದು ಸಂಜೆ ಕುಂಟೆಯ ಏರಿಯ ಮೇಲೆ ಅಡ್ಡಾಡಿಸುತ್ತಾರೆ. ನಿಮ್ಮ ಕಡೆ, ಇಲ್ಲ ನಿಮ್ಮ ಕಡೆ ಎಂದು ಈಗಲೂ ವಾದಿಸುತ್ತಾರಂತೆ. ಹೋದ ವಾರ ನೋಡಿ ಬಂದೆ. ಗೇಟು ಬರಬೇಕಿದ್ದ ಜಾಗದಲ್ಲಿ ಜೊಂಡು ಆಳೆತ್ತರಕ್ಕೆ ಬೆಳೆದಿದೆ, ಜಂಬುಕೋಳಿ ಮರಿಗಳನ್ನು ಕಟ್ಟಿಕೊಂಡು ಅದರೊಳಗಿನಿಂದ ಹೊರಬಂತು. ನನಗೆ ಇನ್ನೂ ಫೋನ್ ಬಂದಿಲ್ಲ.